ಸಿಟ್ಟಿಗೆ ಚಿಕಿತ್ಸಕರನ್ನು ಹುಡುಕಿಕೊಂಡ ಬಗೆ

ಹಲ್ಲುನೋವು ಎಂದರೆ ಹುಬ್ಬಳ್ಳಿಯಲ್ಲಿ ಹತ್ತು ಡಾಕ್ಟರುಗಳ ಹೆಸರು ಹೇಳುವ ಗೆಳೆಯರು, ಸಿಟ್ಟಿಗೆ ಯಾರನ್ನು ಕಾಣಬೇಕು ಎಂದು ಕೇಳಿದಾಗ ಪ್ರಾಣಾಯಾಮ ಮಾಡು ಎಂದರು. ಒಬ್ಬನಂತೂ ಗೋಕರ್ಣಕ್ಕೆ ಹೋಗಿ ನಾಲ್ಕು ದಿನ ಇದ್ದು ಬಾ ಎಂದ. ನಾನು ಮುದ್ರಣಾಲಯ ನಡೆಸುವವನು. ನಮ್ಮಪ್ಪನಿಗೂ ಇದೇ ಸಿಟ್ಟಿತ್ತು. ಮನೆಯವರೆಲ್ಲ ಅದನ್ನು ಸ್ವಭಾವ ಎಂದು ಒಪ್ಪಿಕೊಂಡು ಕೂತಿದ್ದರು. ನಾನೂ ಕೂತಿರುತ್ತಿದ್ದೆ, ಆ ಲಗ್ನಪತ್ರಿಕೆ ಇಲ್ಲದಿದ್ದರೆ. ಗೋಧೂಳಿ ಮುಹೂರ್ತದ ಮುಂದೆ 'ಬೆಳಿಗ್ಗೆ' ಎಂದು ಅಚ್ಚಾಗಿ ಪೂರ್ತಿ ಆರ್ಡರ್ ಹೊರಟುಹೋಗಿತ್ತು. ಮೊದಲ ಹಾಳೆಗಳಲ್ಲೇ ಮಷಿನ್‌ಮನ್ ಅದನ್ನು ನೋಡಿದ್ದ. ಯಾಕೆ ಹೇಳಲಿಲ್ಲ ಎಂದರೆ, "ಹೇಳಿದ್ದರೆ ನೀವು ನನ್ನನ್ನು ಬೈಯುತ್ತಿದ್ದಿರಿ, ಸಾಹುಕಾರರೇ. ಹೇಳದಿದ್ದರೆ ಗಿರಾಕಿ ನಿಮ್ಮನ್ನು ಬೈಯುತ್ತಾನೆ" ಎಂದ. ಲೆಕ್ಕ ಸರಿಯಾಗಿಯೇ ಇತ್ತು.

ಮೊದಲು ಹೋದದ್ದು ಮನೆಯ ಹತ್ತಿರದ, ವರ್ಷಗಳಿಂದ ನಮ್ಮನ್ನು ನೋಡುತ್ತಿರುವ ವೈದ್ಯರ ಬಳಿಗೆ. ಇದು ಒಳ್ಳೆಯದೇ ಆಯಿತು. ಅವರು ನಿದ್ದೆ ಹೇಗಿದೆ, ಗೊರಕೆ ಇದೆಯೇ, ಕುಡಿತ ಎಷ್ಟು ಎಂದು ಕೇಳಿ, ಬಿಪಿ ನೋಡಿ, ಥೈರಾಯ್ಡ್ ಪರೀಕ್ಷೆಗೆ ಬರೆದುಕೊಟ್ಟರು. ಥೈರಾಯ್ಡ್ ಅತಿಯಾಗಿ ಕೆಲಸ ಮಾಡಿದರೂ ಮನುಷ್ಯ ಸಿಡುಕನಾಗುತ್ತಾನಂತೆ. ಗಂಡಸರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಿನ ಬದಲು ಸಿಡುಕಿನ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ ಎಂದೂ ಹೇಳಿದರು. ನನ್ನ ವರದಿಗಳು ಸರಿಯಾಗಿದ್ದವು. ಇಷ್ಟು ನೋಡದೆ ನೇರ ಮಾತಿನ ಚಿಕಿತ್ಸೆಗೆ ಹೋಗುವುದು ಸರಿಯಲ್ಲ ಎಂಬುದು ಈಗ ನನ್ನ ಅಭಿಪ್ರಾಯ.

ಆಮೇಲಿನ ಗೊಂದಲ ಹೆಸರು ಫಲಕಗಳದು. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋರೋಗದಲ್ಲಿ ಮೇಲಿನ ಪದವಿ ಪಡೆದವರು, ಮಾತ್ರೆ ಬರೆಯಬಲ್ಲವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತ್ರೆ ಬರೆಯುವುದಿಲ್ಲ. ಪರೀಕ್ಷೆ ಮತ್ತು ಮಾತಿನ ಚಿಕಿತ್ಸೆ ಅವರ ಕೆಲಸ. ಅವರು ಸಾಮಾನ್ಯವಾಗಿ ಎರಡು ವರ್ಷದ ಎಂ.ಫಿಲ್. ಮಾಡಿರುತ್ತಾರೆ ಮತ್ತು 1992ರ ಕಾಯ್ದೆಯಡಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆ ನೋಂದಣಿ ಸಂಖ್ಯೆಯನ್ನು ಯಾರು ಬೇಕಾದರೂ ಕೇಳಬಹುದು, ಪರಿಷತ್ತಿನ ಜಾಲತಾಣದಲ್ಲಿ ಹುಡುಕಿ ನೋಡಬಹುದು. ಇನ್ನು ಆಪ್ತಸಮಾಲೋಚಕರು. ಇವರಲ್ಲಿ ಮನಶ್ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಹಳ ಚೆನ್ನಾಗಿ ಕೆಲಸ ಮಾಡುವವರೂ ಇದ್ದಾರೆ, ವಾರಾಂತ್ಯದ ತರಬೇತಿಯ ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದವರೂ ಇದ್ದಾರೆ. ಚೌಕಟ್ಟು ನೋಡಿ ಮೋಸ ಹೋಗಬಾರದು. ಅಂಥ ಪ್ರಮಾಣಪತ್ರಗಳನ್ನು ನಾನೇ ಅಚ್ಚು ಹಾಕಿಕೊಟ್ಟಿದ್ದೇನೆ.

ಹೆಸರುಗಳು ಸಿಕ್ಕಿದ್ದು ಟೆಲಿ ಮಾನಸ್‌ನಿಂದ. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಮಾನಸಿಕ ಆರೋಗ್ಯದ ಸಹಾಯವಾಣಿ ಇದು. ಸಂಖ್ಯೆ 14416, ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ. ಕನ್ನಡ ಆಯ್ದುಕೊಂಡರೆ ಕನ್ನಡದಲ್ಲೇ ಮಾತನಾಡುತ್ತಾರೆ. ಮುದ್ರಣಾಲಯದ ಬಾಗಿಲು ಹಾಕಿದ ಮೇಲೆ, ಕಾಗದದ ಬಂಡಲಿನ ಮೇಲೆ ಕೂತು ಕರೆ ಮಾಡಿದೆ. ಆ ಕಡೆಯ ಹೆಣ್ಣುಮಗಳು ಅವಸರ ಮಾಡದೆ ಕೇಳಿದರು. ಕೈ ಎತ್ತಿದ್ದೀರಾ, ಸ್ವಂತ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಯೋಚನೆ ಬಂದಿದೆಯೇ ಎಂದು ನೇರವಾಗಿ ವಿಚಾರಿಸಿದರು. ಹತ್ತಿರದಲ್ಲಿ ಎಲ್ಲಿ ಹೋಗಬಹುದು ಎಂದು ತಿಳಿಸಿದರು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹೆಸರು ಅದರಲ್ಲಿ ಮೊದಲು ಬಂತು. ನಮ್ಮ ಕಡೆ 'ಇವನನ್ನು ಧಾರವಾಡಕ್ಕೆ ಕಳಿಸಬೇಕು' ಎಂಬ ಚುಚ್ಚುಮಾತು ಕೇಳಿ ಬೆಳೆದವರಿಗೆ ಆ ಗೇಟು ದಾಟಲು ಮುಜುಗರ. ಆದರೆ ಅಲ್ಲಿ ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು, ಮನೋಸಾಮಾಜಿಕ ಕಾರ್ಯಕರ್ತರು ಒಂದೇ ಕಡೆ ಸಿಗುತ್ತಾರೆ. ಸರ್ಕಾರಿ ಸಂಸ್ಥೆಯಾದ್ದರಿಂದ ಖರ್ಚೂ ಕಡಿಮೆ. ನನಗೆ ಸಂಜೆಯ ಹೊತ್ತೇ ಬೇಕಾಗಿದ್ದರಿಂದ ಖಾಸಗಿಯಾಗಿ ನೋಡುವವರನ್ನು ಹುಡುಕಿದೆ.

ಭೇಟಿಗೆ ಮುಂಚೆ ಎಲ್ಲರಿಗೂ ಫೋನಿನಲ್ಲಿ ಒಂದೇ ಪ್ರಶ್ನೆ ಹಾಕಿದೆ: ಸಿಟ್ಟಿಗೆಂದು ಬಂದವರಿಗೆ ನೀವು ಏನು ಮಾಡಿಸುತ್ತೀರಿ? ಕಾಗದದ ವ್ಯಾಪಾರಿಗೆ ಜಿಎಸ್‌ಎಂ, ಅಂದರೆ ಕಾಗದದ ತೂಕ, ಎಷ್ಟು ಎಂದು ಕೇಳಲು ನಾಚದ ನಾನು ಇದನ್ನು ಕೇಳಲು ಯಾಕೆ ನಾಚಬೇಕು? ಒಬ್ಬರು ಎಲ್ಲರನ್ನೂ ಕ್ಷಮಿಸಿಬಿಡಿ ಎಂದು ಫೋನಿನಲ್ಲೇ ಚಿಕಿತ್ಸೆ ಮುಗಿಸಿದರು. ಇನ್ನೊಬ್ಬರು ಅನುಭವಸ್ಥರೇ, ಬೆಂಗಳೂರಿನಿಂದ ವಿಡಿಯೊ ಮೂಲಕ ನೋಡುವವರು. ಆದರೆ ಮಾತೆಲ್ಲ ಇಂಗ್ಲಿಷಿನಲ್ಲಿ. ನನಗೆ ಇಂಗ್ಲಿಷ್ ಬರುತ್ತದೆ. ಬರುತ್ತದೆ ಎಂಬುದೇ ತೊಂದರೆ. ಆ ಭಾಷೆಯಲ್ಲಿ ನಾನು ಬಹಳ ಸಭ್ಯ ಮನುಷ್ಯ, ಜಗಳವನ್ನೂ ವರದಿಯ ಹಾಗೆ ಒಪ್ಪಿಸುತ್ತೇನೆ. ಬೈಯುವುದು ಕನ್ನಡದಲ್ಲಾದರೆ ಅದನ್ನು ಬಿಚ್ಚುವುದೂ ಕನ್ನಡದಲ್ಲೇ ಆಗಬೇಕು ಅನ್ನಿಸಿತು.

ಕೊನೆಗೆ ನನಗೆ ಒಪ್ಪಿಗೆಯಾದ ಚಿಕಿತ್ಸಕರು ನನಗಿಂತ ವಯಸ್ಸಿನಲ್ಲಿ ಚಿಕ್ಕವರು, ಹಾವೇರಿ ಕಡೆಯವರು. ನನ್ನ ಪ್ರಶ್ನೆಗೆ ಅವರ ಉತ್ತರ ಹೀಗಿತ್ತು: ಮೊದಲು ಸಿಟ್ಟು ಯಾವಾಗ, ಯಾರ ಮೇಲೆ ಬರುತ್ತದೆ ಎಂದು ಬರೆಸುತ್ತೇನೆ, ಮೈ ಬಿಸಿಯಾಗುವ ಮುನ್ನವೇ ಗುರುತಿಸುವುದನ್ನು ಕಲಿಸುತ್ತೇನೆ, ಆಮೇಲೆ ಯೋಚನೆಯ ಕಡೆಗೆ ಹೋಗೋಣ, ಕೆಲವು ಭೇಟಿಗಳ ನಂತರ ಫರಕು ಕಾಣದಿದ್ದರೆ ಬೇರೆಯವರ ಹೆಸರು ನಾನೇ ಕೊಡುತ್ತೇನೆ. ಯೋಚನೆ ಮತ್ತು ವರ್ತನೆ ಎರಡನ್ನೂ ತಿದ್ದುವ ಈ ದಾರಿಯನ್ನು ಸಿಟ್ಟಿಗೇ ಅನ್ವಯಿಸಿದವರಲ್ಲಿ ಅಮೆರಿಕದ ರೇಮಂಡ್ ನೊವಾಕೊ ಮೊದಲಿಗರು. ಅವರ ಪುಸ್ತಕ 1975ರದು. ಇಲ್ಲಿ ಹೇಳಿದ್ದು ಹೊರಗೆ ಹೋಗುವುದಿಲ್ಲ, ಆದರೆ ನಿಮಗಾಗಲಿ ಇನ್ನೊಬ್ಬರಿಗಾಗಲಿ ಜೀವಾಪಾಯ ಕಂಡರೆ ಸುಮ್ಮನಿರುವುದಿಲ್ಲ ಎಂಬುದನ್ನು ಮೊದಲ ದಿನವೇ ಸ್ಪಷ್ಟಪಡಿಸಿದರು.

ಬರೆಯಲು ನಾನು ಕಟಿಂಗ್‌ನಲ್ಲಿ ಉಳಿದ ತುಂಡುಕಾಗದದ ಪ್ಯಾಡ್ ಇಟ್ಟುಕೊಂಡೆ. ಗಂಟೆ, ಏನಾಯಿತು, ಆಗ ಮನಸ್ಸಿನಲ್ಲಿ ಬಂದ ಮಾತು, ಮೈಯಲ್ಲಿ ಆದದ್ದು, ನಾನು ಮಾಡಿದ್ದು, ಹತ್ತರಲ್ಲಿ ಎಷ್ಟು ಸಿಟ್ಟು. 'ಮನಸ್ಸಿನಲ್ಲಿ ಬಂದ ಮಾತು' ಎಂಬ ಕಾಲಂ ಎಷ್ಟೋ ದಿನ ಖಾಲಿ ಉಳಿಯಿತು. ಆಮೇಲೆ ಒಂದೇ ಸಾಲು ಮತ್ತೆ ಮತ್ತೆ ಬರತೊಡಗಿತು: 'ಇವನಿಗೆ ನನ್ನ ಲೆಕ್ಕವೇ ಇಲ್ಲ.' ಅಚ್ಚಿನ ಪ್ಲೇಟು ಕೆಟ್ಟರೂ ಅದೇ, ಊಟಕ್ಕೆ ಕರೆಯುವುದು ತಡವಾದರೂ ಅದೇ. ಅವರು ಪ್ಯಾಡನ್ನು ಒಮ್ಮೆ ಪೂರ್ತಿ ತಿರುವಿ, "ಗಿರಾಕಿಗಳ ಮೇಲೆ ಒಂದೂ ಇಲ್ಲವಲ್ಲ, ಸರ್?" ಎಂದರು. ಹಣ ಬಾಕಿ ಇಟ್ಟು ಸತಾಯಿಸುವ ಗಿರಾಕಿಗಳೂ ಆ ವಾರ ಬಂದಿದ್ದರು. ಅವರ ಮುಂದೆ ನಾನು ನಗುತ್ತಲೇ ಚಹಾ ತರಿಸಿದ್ದೆ. ಸಿಟ್ಟು ಬಂದರೆ ನನಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿಕೊಂಡು ಬಂದವನಿಗೆ ಯಾರ ಮೇಲೆ ಹಾಯಬಹುದು ಎಂಬುದು ಮಾತ್ರ ಚೆನ್ನಾಗಿ ಕಾಣುತ್ತಿತ್ತು! ಇಡೀ ಚಿಕಿತ್ಸೆ ತಿರುಗಿದ್ದು ಅಲ್ಲಿ.

ದಿಂಬು ಗುದ್ದಿ ಸಿಟ್ಟು ಖಾಲಿ ಮಾಡಿಕೊಳ್ಳಿ ಎಂಬ ಸಲಹೆಯನ್ನು ಅವರು ಒಪ್ಪಲಿಲ್ಲ. ಅಮೆರಿಕದ ಬ್ರ್ಯಾಡ್ ಬುಶ್‌ಮನ್ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಕೆಣಕಿದವನನ್ನು ನೆನೆಯುತ್ತ ಚೀಲ ಗುದ್ದಿದವರಿಗೆ ಸಿಟ್ಟು ಇಳಿಯುವ ಬದಲು ಹೆಚ್ಚೇ ಆಗಿತ್ತು. ಬದಲಿಗೆ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ಅಭ್ಯಾಸ ಕಲಿಸಿದರು. ನನಗೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ದವಡೆ ಬಿಗಿಯುತ್ತದೆ. ಹತ್ತರಲ್ಲಿ ನಾಲ್ಕು ಇರುವಾಗಲೇ ಎದ್ದು ಹೋಗಬೇಕು, ಎಂಟಕ್ಕೆ ಏರಿದ ಮೇಲೆ ಯಾವ ಉಪಾಯವೂ ನಡೆಯದು. ಎದ್ದು ಹೋಗುವುದಕ್ಕೂ ನಿಯಮವಿದೆ: ಎಷ್ಟು ಹೊತ್ತಿಗೆ ಬರುತ್ತೇನೆ ಎಂದು ಹೇಳಿಯೇ ಹೋಗಬೇಕು, ಹೇಳಿದ ಹೊತ್ತಿಗೆ ಬಂದು ಮಾತು ಮುಗಿಸಬೇಕು. ಬರದಿದ್ದರೆ ಅದು ಮುನಿಸು, ಸಿಟ್ಟಿನದೇ ಇನ್ನೊಂದು ಮುಖ. ಮನೆಯಲ್ಲಿ ಇದನ್ನು ಮೊದಲ ಸಲ ಪ್ರಯೋಗಿಸಿದಾಗ ಹೆಂಡತಿ, "ಹತ್ತು ನಿಮಿಷ ಎಂದು ಹೇಳಿ ಹೋಗಿದ್ದೀರಿ, ಗಡಿಯಾರ ನೋಡುತ್ತಿದ್ದೇನೆ ರೀ" ಎಂದು ಬಾಗಿಲಿಂದಲೇ ಕೂಗಿದಳು.

ಕೈ ಎತ್ತುವ ಮನೆಯಾದರೆ ಮಾತು ಬೇರೆ. ಅಲ್ಲಿ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿ ಬುದ್ಧಿ ಹೇಳುವುದಕ್ಕೆ ಮುಂಚೆ ಹೆಂಡತಿಯ, ಮಕ್ಕಳ ಸುರಕ್ಷತೆ ಆಗಬೇಕು. ಮಹಿಳಾ ಸಹಾಯವಾಣಿ 181 ಇರುವುದು ಅದಕ್ಕೇ.

ಮೊದಮೊದಲು ವಾರಕ್ಕೊಮ್ಮೆ, ಮುಕ್ಕಾಲು ಗಂಟೆ ಹೋಗುತ್ತಿದ್ದೆ. ಶುಲ್ಕ ಭಾರವೇ ಅನ್ನಿಸಿತ್ತು. ಒಂದು ಆರ್ಡರ್ ಮರುಮುದ್ರಣಕ್ಕೆ ಹೋಗುವ ಕಾಗದದ ಬೆಲೆ ಲೆಕ್ಕ ಹಾಕಿದ ಮೇಲೆ ಆ ಮಾತು ಬಿಟ್ಟೆ. ಈಗ ಅಪರೂಪಕ್ಕೆ ಹೋಗುತ್ತೇನೆ. ಆದರೆ ಮದುವೆ ಸೀಜನ್ ಶುರುವಾಗುವ ಮುಂಚೆ ಒಂದು ಭೇಟಿ ಕಡ್ಡಾಯ, ಅವರೇ ಹಾಕಿದ ಷರತ್ತು. ಅಕ್ಷಯ ತೃತೀಯಾ ಹೊತ್ತಿಗೆ ಯಾವ ಮುದ್ರಣಾಲಯದಲ್ಲೂ ಯಾರ ತಲೆಯೂ ನೆಟ್ಟಗಿರುವುದಿಲ್ಲ.