ದಿನನಿತ್ಯದ ಫೋಟೊಗೆ ಪುಟ್ಟ ಕ್ಯಾಮೆರಾ: ಆರಿಸುವುದು ಹೇಗೆ?

ಜೇಬಿನಲ್ಲಿ ಒಳ್ಳೆಯ ಫೋನ್ ಇರುವಾಗ ಬೇರೆ ಕ್ಯಾಮೆರಾ ಯಾಕೆ? ದುಡ್ಡು ಬಿಚ್ಚುವ ಮೊದಲು ಈ ಪ್ರಶ್ನೆಗೆ ಉತ್ತರ ಸಿಗಬೇಕು. ಲಾಲ್‌ಬಾಗಿನ ಗಾಜಿನ ಮನೆಯ ಮುಂದೆ ಹಗಲು ಹನ್ನೊಂದಕ್ಕೆ ತೆಗೆದ ಫೋಟೊದಲ್ಲಿ ಫೋನಿಗೂ ಕ್ಯಾಮೆರಾಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಅದೇ ನಸುಕಿನಲ್ಲಿ ಕೆ.ಆರ್. ಮಾರುಕಟ್ಟೆಗೆ ಹೋಗಿ, ಬಲ್ಬಿನ ಬೆಳಕಿನಲ್ಲಿ ಸೇವಂತಿಗೆ ತೂಗುವವರನ್ನು ತೆಗೆಯಿರಿ. ಫೋನಿನ ಚಿತ್ರದಲ್ಲಿ ಕೈ ಕಲೆಸಿಹೋಗಿರುತ್ತದೆ, ಮುಖಕ್ಕೆ ಮೇಣ ಹಚ್ಚಿದ ಹಾಗಿರುತ್ತದೆ. ಕತ್ತಲಿನಲ್ಲಿ ಫೋನ್ ಒಂದರ ಹಿಂದೊಂದು ಹಲವು ಚಿತ್ರ ತೆಗೆದು ಅವನ್ನು ಸೇರಿಸಿ ಒಂದು ಮಾಡುತ್ತದೆ. ಅಲುಗಾಡದ ಕಟ್ಟಡಕ್ಕೆ ಈ ಉಪಾಯ ಚೆನ್ನ, ಕೆಲಸದಲ್ಲಿರುವ ಮನುಷ್ಯರಿಗೆ ಸಾಲದು. ಕಾಂಪ್ಯಾಕ್ಟ್ ಎನ್ನುವ ಪುಟ್ಟ ಕ್ಯಾಮೆರಾದ ಬೆಲೆ ಗೊತ್ತಾಗುವುದು ಇಂಥ ಕಡೆ, ಬೆಳಕು ಕಡಿಮೆ ಇದ್ದು ಎದುರಿನವರು ಚಲಿಸುತ್ತಿರುವಾಗ. ಹಗಲಲ್ಲಿ ಮಾತ್ರ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವವರಿಗೆ ಹೊಸ ಕ್ಯಾಮೆರಾ ಬೇಡ ಎಂದೇ ಹೇಳುತ್ತೇನೆ.

ಹಂತ 1: ನಿಮ್ಮ ಗ್ಯಾಲರಿಯನ್ನೇ ಮೊದಲು ಓದಿ

ಅಂಗಡಿಗೆ ಹೋಗುವ ಮೊದಲು ಫೋನಿನ ಗ್ಯಾಲರಿ ತೆರೆಯಿರಿ. ಕಳೆದೊಂದು ವರ್ಷದಲ್ಲಿ ಚೆನ್ನಾಗಿ ಬರಲೇಬೇಕಿತ್ತು ಅನ್ನಿಸಿಯೂ ಹಾಳಾದ ಚಿತ್ರಗಳನ್ನು ಹುಡುಕಿ ಪಟ್ಟಿ ಮಾಡಿ. ಚಿತ್ರದ ವಿವರ ತೆರೆದರೆ ಶಟರ್ ವೇಗ (ಎಷ್ಟು ಹೊತ್ತು ಬೆಳಕು ಒಳಗೆ ಬಂತು), ಐಎಸ್‌ಒ (ಬೆಳಕನ್ನು ಎಷ್ಟು ಹಿಗ್ಗಿಸಿ ತೋರಿಸಿತು), ಎಷ್ಟು ಜೂಮ್ ಎಂಬುದು ಕಾಣುತ್ತದೆ. ಶಟರ್ ವೇಗ 1/15 ಸೆಕೆಂಡ್ ಅಥವಾ ಅದಕ್ಕಿಂತ ನಿಧಾನ ಇದ್ದು ಮಗುವಿನ ಮುಖ ಶೇಕ್ ಆಗಿದ್ದರೆ ನಿಮಗೆ ಬೇಕಾದದ್ದು ದೊಡ್ಡ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಮತ್ತು ಅಗಲ ತೆರೆಯುವ ಲೆನ್ಸ್. ಶಾಲೆಯ ವೇದಿಕೆ ಮೇಲಿನ ಮಗಳು ಚುಕ್ಕೆಯಾಗಿ ಕಂಡಿದ್ದರೆ ಜೂಮ್ ಬೇಕು. ಎಲ್ಲ ಸರಿ ಇದ್ದೂ ಚಿತ್ರ ಚಪ್ಪಟೆ ಅನ್ನಿಸಿದರೆ ಕೊರತೆ ಕ್ಯಾಮೆರಾದಲ್ಲಿ ಇಲ್ಲದಿರಬಹುದು. ಅಂಥವರು ಇನ್ನೊಂದಷ್ಟು ದಿನ ಫೋನಿನಲ್ಲೇ, ಬೆಳಗಿನ ಏರು ಬಿಸಿಲಿನಲ್ಲಿ ಮತ್ತು ಸಂಜೆ ಐದೂವರೆಯ ಬೆಳಕಿನಲ್ಲಿ ತೆಗೆದು ನೋಡುವುದು ಒಳ್ಳೆಯದು.

ಅಂಗಡಿಯವರು ಏನೇ ಹೇಳಲಿ, ಮುಂದಿನ ಆಯ್ಕೆಗಳೆಲ್ಲ ಈ ಪಟ್ಟಿಯ ಮೇಲೆ ನಿಲ್ಲಬೇಕು.

ಹಂತ 2: ಮೆಗಾಪಿಕ್ಸೆಲ್ ಬಿಡಿ, ಸೆನ್ಸರ್ ಅಳತೆ ಕೇಳಿ

ಮನೆಯ ಗೋಡೆಗೆ ಹಾಕುವ 12×8 ಇಂಚಿನ ಪ್ರಿಂಟ್‌ಗೆ, ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೂ 3600×2400, ಅಂದರೆ 86 ಲಕ್ಷ ಪಿಕ್ಸೆಲ್ ಸಾಕು. 12 ಮೆಗಾಪಿಕ್ಸೆಲ್‌ನ ಹಳೆಯ ಕ್ಯಾಮೆರಾವೂ ಇದನ್ನು ಮಾಡುತ್ತದೆ. ಆನ್‌ಲೈನಿನಲ್ಲಿ ಕೆಲವೇ ಸಾವಿರಕ್ಕೆ ಸಿಗುವ, ಹೆಸರು ಕೇಳಿರದ ಕಂಪನಿಗಳ ‘64 ಮೆಗಾಪಿಕ್ಸೆಲ್’ ಕ್ಯಾಮೆರಾಗಳ ಬಗ್ಗೆ ಎಚ್ಚರವಿರಲಿ. ಇಂಥವುಗಳಲ್ಲಿ ಪುಟ್ಟ ಸೆನ್ಸರ್ ತೆಗೆದ ಸಣ್ಣ ಚಿತ್ರವನ್ನು ಸಾಫ್ಟ್‌ವೇರ್ ಹಿಗ್ಗಿಸಿ ಆ ಸಂಖ್ಯೆ ಮುಟ್ಟಿಸುವುದೇ ಹೆಚ್ಚು. ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಇವು ಮಾರಾಟವಾಗುತ್ತಿರುವುದು ನೋಡಿದರೆ ಬೇಸರವಾಗುತ್ತದೆ. ಮೊದಲ ಕ್ಯಾಮೆರಾವೇ ನಿರಾಸೆ ಮಾಡಿದರೆ ಮಗು ಅದನ್ನು ಮತ್ತೆ ಕೈಗೆತ್ತಿಕೊಳ್ಳುವುದಿಲ್ಲ.

ಸೆನ್ಸರ್ ಅಳತೆಯನ್ನು ಇಂಚಿನಲ್ಲಿ ಹೇಳುವ ಪದ್ಧತಿ ಹಳೆಯ ಟಿವಿ ಕ್ಯಾಮೆರಾ ಟ್ಯೂಬುಗಳ ಕಾಲದ್ದು, ನಿಜವಾದ ಅಳತೆಗೆ ಅದು ಹೊಂದುವುದಿಲ್ಲ. ಮಿಲಿಮೀಟರಿನಲ್ಲಿ ನೋಡಿದರೆ ಗೊಂದಲವಿಲ್ಲ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿರುವ 1/2.3 ಇಂಚಿನ ಸೆನ್ಸರ್ ಸುಮಾರು 6.2×4.6 ಮಿ.ಮೀ. ಒಂದು ಇಂಚಿನದು ಎನ್ನುವುದು 13.2×8.8 ಮಿ.ಮೀ., ವಿಸ್ತೀರ್ಣದಲ್ಲಿ ಅದರ ನಾಲ್ಕು ಪಟ್ಟು. ಎಪಿಎಸ್-ಸಿ ಎಂದು ಕರೆಯುವುದು ಸುಮಾರು 23.5×15.6 ಮಿ.ಮೀ., ಒಂದು ಇಂಚಿನದರ ಮೂರು ಪಟ್ಟಿಗಿಂತ ತುಸು ಹೆಚ್ಚು. ಜಾಗ ಹೆಚ್ಚಿದಷ್ಟೂ ಒಟ್ಟು ಬೆಳಕು ಹೆಚ್ಚು ಸಿಗುತ್ತದೆ, ಕತ್ತಲ ಭಾಗದಲ್ಲಿ ಮರಳು ಚೆಲ್ಲಿದಂತೆ ಕಾಣುವ ಗ್ರೇನ್ಸ್ ಕಡಿಮೆಯಾಗುತ್ತವೆ.

ಈಗಿನ ಒಳ್ಳೆಯ ಫೋನುಗಳ ಮುಖ್ಯ ಕ್ಯಾಮೆರಾದ ಸೆನ್ಸರ್ 1/2.3 ಇಂಚಿನದಕ್ಕಿಂತ ದೊಡ್ಡದು. ಹಾಗಾಗಿ ಆ ಅಳತೆಯ ಕಾಂಪ್ಯಾಕ್ಟ್ ಕೊಂಡರೆ ಕತ್ತಲಿನಲ್ಲಿ ಫೋನಿಗಿಂತ ಹಿಂದೆ ಬೀಳುತ್ತೀರಿ. ಅಂಥದ್ದನ್ನು ಕೊಳ್ಳಲು ಎರಡೇ ಕಾರಣಗಳಿರಬಹುದು. ಒಂದು, ಉದ್ದ ಜೂಮ್: ಕೆನಾನಿನ ಎಸ್‌ಎಕ್ಸ್740 ಎಚ್‌ಎಸ್ 40 ಪಟ್ಟು ಜೂಮ್ ಕೊಡುತ್ತದೆ, ಹೆಬ್ಬಾಳ ಕೆರೆಯ ಹಕ್ಕಿಗಳಿಗೆ ಒಳ್ಳೆಯ ಬಿಸಿಲಿದ್ದಾಗ ಅದು ಸಾಕಾಗುತ್ತದೆ. ಇನ್ನೊಂದು, ನೀರು: ಒಎಂ ಸಿಸ್ಟಮ್‌ನ ಟಿಜಿ-7 ಹದಿನೈದು ಮೀಟರ್ ಆಳದವರೆಗೂ ಸೋರುವುದಿಲ್ಲ, ಮಳೆಯಲ್ಲಿ ಸ್ಕೂಟರ್ ಓಡಿಸುತ್ತ ಊರು ಸುತ್ತುವವರಿಗೆ ಅನುಕೂಲ. ಈ ಎರಡೂ ಬೇಡವಾದರೆ ಒಂದು ಇಂಚಿಗಿಂತ ಕೆಳಗೆ ಇಳಿಯಬೇಡಿ. ಈ ಇಡೀ ಲೇಖನದಲ್ಲಿ ನಾನು ಒತ್ತಿ ಹೇಳುವುದು ಇದನ್ನೇ.

ಹಂತ 3: ಲೆನ್ಸ್, ಅಂದರೆ ನೋಡುವ ದೂರ

ಕಾಂಪ್ಯಾಕ್ಟ್‌ನ ಲೆನ್ಸ್ ಬದಲಿಸಲು ಬರುವುದಿಲ್ಲ. ಈಗ ಆರಿಸಿದ್ದರ ಜೊತೆಗೇ ಬಾಳಬೇಕು, ಆದ್ದರಿಂದ ಇಲ್ಲಿ ಹೆಚ್ಚು ಹೊತ್ತು ಕಳೆದರೂ ನಷ್ಟವಿಲ್ಲ.

ಲೆನ್ಸಿನ ವಿವರದಲ್ಲಿ ಎರಡು ಬಗೆಯ ಅಂಕಿ ಇರುತ್ತವೆ. ಒಂದು ಮಿ.ಮೀ. ಲೆಕ್ಕದ ನೋಟದ ಅಗಲ (ಅಂಕಿ ಹೆಚ್ಚಿದಷ್ಟೂ ನೋಟ ಕಿರಿದು, ದೂರದ್ದು ಹತ್ತಿರ), ಇನ್ನೊಂದು ಬೆಳಕಿನ ಬಾಗಿಲು, ಅಂದರೆ ಅಪರ್ಚರ್. ಎಫ್ ಪಕ್ಕದ ಅಂಕಿ ಚಿಕ್ಕದಾದಷ್ಟೂ ಬಾಗಿಲು ದೊಡ್ಡದು. ಎಫ್/1.8ರಲ್ಲಿ ಬರುವ ಬೆಳಕಿಗೆ ಹೋಲಿಸಿದರೆ ಎಫ್/5.6ರಲ್ಲಿ ಬರುವುದು ಹತ್ತನೇ ಒಂದು ಭಾಗ. ಜೂಮ್ ಲೆನ್ಸಿಗೆ ಎರಡು ಎಫ್ ಅಂಕಿ ಬರೆದಿರುತ್ತಾರೆ, ಮೊದಲನೆಯದು ಅಗಲ ನೋಟಕ್ಕೆ, ಎರಡನೆಯದು ಜೂಮ್ ಪೂರ್ತಿ ಎಳೆದಾಗ. ಜಾಹೀರಾತಿನಲ್ಲಿ ಮೊದಲನೆಯದನ್ನೇ ದಪ್ಪಕ್ಷರದಲ್ಲಿ ಹಾಕುತ್ತಾರೆ, ನೀವು ಎರಡನೆಯದನ್ನು ಓದಿ.

ಒಂದೇ ಅಳತೆಯ ಸೆನ್ಸರ್ ಇರುವ ಎರಡು ಕ್ಯಾಮೆರಾಗಳನ್ನು ಪಕ್ಕದಲ್ಲಿಟ್ಟರೆ ವಿಷಯ ಸ್ಪಷ್ಟವಾಗುತ್ತದೆ. 2019ರಲ್ಲಿ ಬಂದ ಕೆನಾನ್ ಜಿ7 ಎಕ್ಸ್ ಮಾರ್ಕ್ 3 ಮತ್ತು ಅದೇ ವರ್ಷದ ಸೋನಿ ಆರ್‌ಎಕ್ಸ್100ರ ಏಳನೇ ಆವೃತ್ತಿ, ಎರಡರದ್ದೂ ಒಂದು ಇಂಚಿನ ಸೆನ್ಸರ್. ಕೆನಾನಿನದು 24ರಿಂದ 100 ಮಿ.ಮೀ., ಎಫ್/1.8–2.8. ಸೋನಿಯದು 24ರಿಂದ 200, ಎಫ್/2.8–4.5. ಸೋನಿ ದುಪ್ಪಟ್ಟು ದೂರ ಎಳೆದುಕೊಡುತ್ತದೆ, ಆದರೆ ಅಗಲ ನೋಟದಲ್ಲಿ ಕೆನಾನಿಗೆ ಅದರ ಎರಡು ಪಟ್ಟಿಗಿಂತ ಹೆಚ್ಚು ಬೆಳಕು ಸಿಗುತ್ತದೆ. ಕರಗದ ರಾತ್ರಿ ತಿಗಳರಪೇಟೆಯ ಗಲ್ಲಿಯಲ್ಲಿ ನಿಲ್ಲುವವರು ಕೆನಾನ್ ನೋಡಲಿ. ಮಕ್ಕಳ ಕ್ರೀಡಾಕೂಟ, ಪ್ರವಾಸ ಎನ್ನುವವರಿಗೆ ಸೋನಿ ಹೊಂದುತ್ತದೆ.

ಜೂಮ್ ಇಲ್ಲದ ಕ್ಯಾಮೆರಾಗಳದ್ದು ಬೇರೆಯೇ ದಾರಿ. ರಿಕೋ ಜಿಆರ್ 3ರಲ್ಲಿ ಎಪಿಎಸ್-ಸಿ ಸೆನ್ಸರ್ ಇದ್ದೂ ತೂಕ ಬ್ಯಾಟರಿ ಸಹಿತ 257 ಗ್ರಾಂ, ಪ್ಯಾಂಟಿನ ಜೇಬಿಗೆ ಇಳಿಯುತ್ತದೆ. 28 ಮಿ.ಮೀ. ನೋಟ, ಎಫ್/2.8. ಗಾಂಧಿಬಜಾರಿನ ಜನಸಂದಣಿಯಲ್ಲಿ ಯಾರ ಗಮನಕ್ಕೂ ಬರದೆ ಕೆಲಸ ಮಾಡುವ ಕ್ಯಾಮೆರಾ ಇದು, ನನಗೆ ತುಂಬ ಇಷ್ಟ. ಆದರೆ ಫ್ಲ್ಯಾಶ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಒಂದು ಚಾರ್ಜಿಗೆ ಸುಮಾರು 200 ಚಿತ್ರ. ಫ್ಯೂಜಿಫಿಲ್ಮ್ ಎಕ್ಸ್100ವಿಐ 2024ರಲ್ಲಿ ಬಂತು: 35 ಮಿ.ಮೀ. ನೋಟ, ಎಫ್/2, ಒಳ್ಳೆಯ ವ್ಯೂಫೈಂಡರ್. ತೂಕ 521 ಗ್ರಾಂ, ಜೇಬಿನ ಕ್ಯಾಮೆರಾ ಎನ್ನಲಾಗದು. ಬೆಲೆಯೂ ಒಂದೂವರೆ ಲಕ್ಷದ ಆಚೆಗೆ.

ಜೂಮ್ ಇಲ್ಲದೆ ಬದುಕಬಲ್ಲಿರಾ ಎಂದು ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಒಂದು ವಾರ ಫೋನಿನಲ್ಲಿ 1x ಬಿಟ್ಟು ಬೇರೇನನ್ನೂ ಮುಟ್ಟಬೇಡಿ. ಆ ನೋಟ ಹೆಚ್ಚು ಕಡಿಮೆ 24ರಿಂದ 26 ಮಿ.ಮೀ., ರಿಕೋದ 28ಕ್ಕೆ ಹತ್ತಿರ. ವಾರ ಕಳೆಯುವಷ್ಟರಲ್ಲಿ ಕೈ ತಾನಾಗಿ 2xಗೆ ಹೋಗುತ್ತಿದ್ದರೆ ಜೂಮ್ ಇರುವುದನ್ನೇ ಕೊಳ್ಳಿ. ಡಿಜಿಟಲ್ ಜೂಮ್ ಎಂದು ಬರೆದದ್ದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅದು ಚಿತ್ರದ ನಡುವನ್ನು ಕತ್ತರಿಸಿ ಹಿಗ್ಗಿಸುವ ಕೆಲಸ, ಮನೆಗೆ ಬಂದು ನೀವೇ ಮಾಡಬಹುದು.

ಹಂತ 4: ಕೈಯಲ್ಲಿ ಹಿಡಿದು ನೋಡುವುದು

ಈ ಹಂತವನ್ನು ಪರದೆಯ ಮೇಲೆ ಮುಗಿಸಲಾಗದು, ಅಂಗಡಿಗೆ ಹೋಗಲೇಬೇಕು. ನಿಮ್ಮ ದಿನದ ಬಟ್ಟೆಯಲ್ಲೇ ಹೋಗಿ, ಅದು ಜೇಬಿಗೋ ನಿತ್ಯದ ಕೈಚೀಲಕ್ಕೋ ಹಿಡಿಸುತ್ತದೆಯೇ ನೋಡಿ. ಒಂದೇ ಕೈಯಲ್ಲಿ ಆನ್ ಮಾಡಿ, ಎಷ್ಟು ಬೇಗ ಮೊದಲ ಚಿತ್ರ ಸಿಗುತ್ತದೆ ಗಮನಿಸಿ. ಅಂಗಡಿಯ ಹೊರಗೆ ಬಿಸಿಲಿಗೆ ತಂದು ಪರದೆ ಕಾಣುತ್ತದೆಯೇ ಪರೀಕ್ಷಿಸಿ. ಮಾರ್ಚ್ ಮಧ್ಯಾಹ್ನದ ಬಿಸಿಲಿನಲ್ಲಿ ಹೂಬಿಟ್ಟ ಜಕರಂಡ ತೆಗೆಯುವವರಿಗೆ ವ್ಯೂಫೈಂಡರ್ ಎಷ್ಟು ಮುಖ್ಯ ಎಂದು ಆಗ ಅರ್ಥವಾಗುತ್ತದೆ.

ಬೆಂಗಳೂರಿನ ದರ್ಶಿನಿ, ಅಂಗಡಿ, ಮದುವೆ ಮಂಟಪಗಳಲ್ಲಿ ತೆಗೆಯುವವರು ಇನ್ನೊಂದನ್ನು ನೋಡಬೇಕು. ನಮ್ಮ ವಿದ್ಯುತ್ತು 50 ಹರ್ಟ್ಜ್. ಸಾಧಾರಣ ಎಲ್‌ಇಡಿ ಮತ್ತು ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಗೊತ್ತಾಗುವುದಿಲ್ಲ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಚಿತ್ರವನ್ನು ಸಾಲು ಸಾಲಾಗಿ ಓದುವುದರಿಂದ ಕಪ್ಪು ಪಟ್ಟೆಗಳು ಮೂಡುತ್ತವೆ. ಕ್ಯಾಮೆರಾದಲ್ಲಿ ತೆರೆದು ಮುಚ್ಚುವ ಮೆಕ್ಯಾನಿಕಲ್ ಶಟರ್ ಇದೆಯೇ ಎಂದು ಕೇಳಿ. ಇದ್ದರೆ ಒಳಾಂಗಣದಲ್ಲಿ ಅದನ್ನೇ ಬಳಸಿ. ಆಮೇಲೂ ಪಟ್ಟೆ ಅಥವಾ ಬಣ್ಣದ ಏರಿಳಿತ ಕಂಡರೆ ವೇಗವನ್ನು 1/100 ಅಥವಾ 1/50ಕ್ಕೆ ಇಳಿಸಿ. ಅಂಗಡಿಯ ದೀಪದ ಕೆಳಗೇ ಎರಡೂ ಶಟರಿನಲ್ಲಿ ಒಂದೊಂದು ತೆಗೆದರೆ ಅಲ್ಲೇ ಗೊತ್ತಾಗುತ್ತದೆ.

ಶೇಕ್ ತಡೆಯುವ ಸ್ಟೆಬಿಲೈಸೇಷನ್ ನಿಮ್ಮ ಕೈಯ ನಡುಕಕ್ಕೆ ಔಷಧಿ, ಎದುರಿನ ಮಗುವಿನ ಓಟಕ್ಕೆ ಅಲ್ಲ. ಓಡುವ ಮಗುವಿಗೆ 1/250ಕ್ಕಿಂತ ವೇಗದ ಶಟರೇ ಬೇಕು.

ಹಂತ 5: ಹೊಸತೋ, ಸೆಕೆಂಡ್ ಹ್ಯಾಂಡೋ

ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಲ್ಲಿ 2010ರಲ್ಲಿ ಜಗತ್ತಿಗೆ ಹೋದ ಡಿಜಿಟಲ್ ಕ್ಯಾಮೆರಾ 12 ಕೋಟಿಗೂ ಹೆಚ್ಚು. 2023ರಲ್ಲಿ ಅದು 80 ಲಕ್ಷವನ್ನೂ ಮುಟ್ಟಲಿಲ್ಲ. ಫೋನ್ ಬಂದ ಮೇಲೆ ಅಗ್ಗದ ಮಾದರಿಗಳನ್ನು ಕಂಪನಿಗಳು ನಿಲ್ಲಿಸುತ್ತ ಬಂದವು, ಉಳಿದವು ದುಬಾರಿ. ಅದಕ್ಕೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇಷ್ಟು ಮುಖ್ಯವಾಗಿರುವುದು. ಬಜೆಟ್ ಚಿಕ್ಕದಿದ್ದರೆ ಹೊಸ 1/2.3 ಇಂಚಿನ ಕ್ಯಾಮೆರಾಗಿಂತ ಒಂದು ಇಂಚಿನ ಹಳೆಯದೇ ಮೇಲು. 2012ರ ಮೊದಲ ಆರ್‌ಎಕ್ಸ್100 ಇಂದಿಗೂ ಕತ್ತಲಿನಲ್ಲಿ ಮಾನ ಉಳಿಸುತ್ತದೆ. ಟಚ್ ಸ್ಕ್ರೀನ್ ಇಲ್ಲ, ವ್ಯೂಫೈಂಡರ್ ಇಲ್ಲ, ಚಾರ್ಜಿಗೆ ಹಳೆಯ ಮೈಕ್ರೊ ಯುಎಸ್‌ಬಿ, ಅಷ್ಟೇ.

ಹೊಸತು ಕೊಳ್ಳುವವರು ಬಿಲ್ ಸಹಿತವೇ ಕೊಳ್ಳಿ. ಡಿಜಿಟಲ್ ಕ್ಯಾಮೆರಾ ಮೇಲೆ ಶೇ 18 ಜಿಎಸ್‌ಟಿ ಇದೆ. ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ ಸಾರ್’ ಎಂಬ ಮಾತು ಕೇಳಿಬಂದರೆ ಅದು ಬೇರೆ ದೇಶಕ್ಕೆಂದು ತಯಾರಾದ ಗ್ರೇ ಮಾರ್ಕೆಟ್ ಸರಕು ಇರಬಹುದು, ಅದಕ್ಕೆ ಭಾರತದ ವಾರಂಟಿ ಸಿಗದೆ ಹೋಗಬಹುದು. ಕಾಂಪ್ಯಾಕ್ಟ್‌ನಲ್ಲಿ ಲೆನ್ಸೂ ಬಾಡಿಯೂ ಒಂದೇ ಆದ್ದರಿಂದ ಒಂದು ಕೆಟ್ಟರೆ ಎರಡಕ್ಕೂ ಪೆಟ್ಟು, ವಾರಂಟಿಯ ಬೆಲೆ ಇಲ್ಲಿ ಹೆಚ್ಚು.

ಇತ್ತೀಚೆಗೆ ಕಾಲೇಜಿನ ಹುಡುಗ ಹುಡುಗಿಯರು 2000ದ ದಶಕದ, ಸಿಸಿಡಿ ಎಂಬ ಹಳೆಯ ಬಗೆಯ ಸೆನ್ಸರಿನ ಕ್ಯಾಮೆರಾಗಳನ್ನು ಹುಡುಕುತ್ತಿದ್ದಾರೆ. ಆ ಬಣ್ಣ, ಆ ಫ್ಲ್ಯಾಶಿನ ಬೆಳಕು ಅವರಿಗೆ ಇಷ್ಟ, ಅದರಲ್ಲಿ ತಪ್ಪೇನಿಲ್ಲ. ಅಮ್ಮನ ಬೀರುವಿನಲ್ಲಿ ಒಂದು ಬಿದ್ದಿರಬಹುದು, ದುಡ್ಡು ಕೊಡುವ ಮೊದಲು ಅಲ್ಲಿ ಹುಡುಕಿ. ಕಾರ್ಡ್ ಮಾತ್ರ ನೋಡಿಕೊಳ್ಳಬೇಕು. ಎಕ್ಸ್‌ಡಿ ಕಾರ್ಡ್, ಮೆಮೊರಿ ಸ್ಟಿಕ್ ಬೇಡುವ ಮಾದರಿಗಳಿಗೆ ಈಗ ಕಾರ್ಡ್ ಸಿಗುವುದೇ ಕಷ್ಟ. 2006ರಲ್ಲಿ ಎಸ್‌ಡಿಎಚ್‌ಸಿ ಎಂಬ ಹೆಚ್ಚು ಜಾಗದ ಕಾರ್ಡ್ ಬರುವ ಮುಂಚಿನ ಹಲವು ಕ್ಯಾಮೆರಾಗಳು 2 ಜಿಬಿಗಿಂತ ದೊಡ್ಡ ಕಾರ್ಡನ್ನು ಗುರುತಿಸುವುದೇ ಇಲ್ಲ.

ಹಂತ 6: ಹಳೆಯದನ್ನು ಪರೀಕ್ಷಿಸುವ ಕ್ರಮ

ನಿಮ್ಮದೇ ಕಾರ್ಡ್ ತೆಗೆದುಕೊಂಡು ಹೋಗಿ. ಹೊರಚಾಚುವ ಜೂಮ್ ಲೆನ್ಸ್ ಒಳಗೆ ಹೊರಗೆ ಆಡುವಾಗ ಗಾಳಿಯ ಜೊತೆ ದೂಳನ್ನೂ ಎಳೆದುಕೊಳ್ಳುತ್ತದೆ, ನಮ್ಮ ಊರಿನ ರಸ್ತೆಗಳಲ್ಲಿ ಓಡಾಡಿದ ಕ್ಯಾಮೆರಾಗೆ ಇದೇ ದೊಡ್ಡ ಕಾಯಿಲೆ. ಸೆನ್ಸರ್ ಮೇಲೆ ಕೂತ ದೂಳು ತೆಗೆಯಲು ಕ್ಯಾಮೆರಾ ಬಿಚ್ಚಬೇಕಾಗುತ್ತದೆ. ಆದ್ದರಿಂದ ಅಪರ್ಚರನ್ನು ಎಫ್/8 ಅಥವಾ ಎಫ್/11ಕ್ಕೆ ಇಟ್ಟು ಬಿಳಿ ಗೋಡೆಯನ್ನೋ ಖಾಲಿ ಆಕಾಶವನ್ನೋ ತೆಗೆದು, ದೊಡ್ಡದು ಮಾಡಿ ನೋಡಿ. ಮಸುಕಾದ ಕಪ್ಪು ಚುಕ್ಕೆಗಳು ಕಂಡರೆ ಬೆಲೆ ಇಳಿಸಿ ಕೇಳಿ, ಇಲ್ಲವೇ ಬಿಟ್ಟು ಬನ್ನಿ. ಫೋನಿನ ಟಾರ್ಚನ್ನು ಓರೆಯಾಗಿ ಲೆನ್ಸಿಗೆ ಹಿಡಿದರೆ ಜೇಡರ ಬಲೆಯಂಥ ಫಂಗಸ್ ಕಾಣಿಸಬಹುದು. ಫಂಗಸ್ ಇದ್ದರೆ ಎಷ್ಟು ಅಗ್ಗವಾದರೂ ಬೇಡ.

ಗೋಡೆಗೆ ಅಂಟಿಸಿದ ದಿನಪತ್ರಿಕೆಯ ಹಾಳೆಯನ್ನು ನೇರವಾಗಿ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರ ಒಂದೇ ಸಮ ಓದಲು ಬರಬೇಕು. ಒಂದು ಮೂಲೆ ಮಾತ್ರ ಮಂಜಾದರೆ ಕ್ಯಾಮೆರಾ ಯಾವಾಗಲೋ ಬಿದ್ದು ಲೆನ್ಸ್ ಓರೆಯಾಗಿರುವ ಸಾಧ್ಯತೆ ಹೆಚ್ಚು. ಜೂಮ್ ಎಳೆಯುವಾಗ ಕರಕರ ಸದ್ದು, ಉಬ್ಬಿದ ಬ್ಯಾಟರಿ, ಒತ್ತಿದರೂ ಕೇಳದ ಗುಂಡಿ ಇವನ್ನು ನೋಡಲು ಎರಡು ನಿಮಿಷ ಸಾಕು. ಮೂಲ ಬಿಲ್ ಕೇಳಿ, ಅದರಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾದ ತಳದಲ್ಲಿರುವುದಕ್ಕೆ ಹೊಂದುತ್ತದೆಯೇ ತಾಳೆ ನೋಡಿ. ಕದ್ದ ಮಾಲು ಕೈಗೆ ಬರದಿರಲು ಇದು ಅಗತ್ಯ.

ಹಂತ 7: ಜೊತೆಗೆ ಬೇಕಾದದ್ದು

ಇನ್ನೊಂದು ಬ್ಯಾಟರಿ ಕಡ್ಡಾಯ. ಕಾರ್ಡ್ 64 ಜಿಬಿಯದು ಸಾಕು, 4ಕೆ ವಿಡಿಯೊ ತೆಗೆಯುವವರು ವಿ30 ಎಂಬ ವೇಗದ ಗುರುತು ಇರುವುದನ್ನು ಆರಿಸಲಿ. ಎಸ್.ಪಿ. ರಸ್ತೆಯಲ್ಲಿ ಕೊಂಡರೂ ಆನ್‌ಲೈನಿನಲ್ಲಿ ತರಿಸಿದರೂ ಬಿಲ್ ಇರಲಿ, ನಕಲಿ ಕಾರ್ಡುಗಳು ಬರೆದಷ್ಟು ಜಾಗ ಕೊಡುವುದಿಲ್ಲ. ಹಿಂದಿರುಗಿಸುವ ಅವಧಿ ಮುಗಿಯುವುದರೊಳಗೆ ಕಾರ್ಡನ್ನು ಪೂರ್ತಿ ತುಂಬಿಸಿ, ಎಲ್ಲ ಫೈಲು ತೆರೆಯುತ್ತವೆಯೇ ನೋಡಿ. ಮಣಿಕಟ್ಟಿಗೆ ಹಾಕುವ ದಾರ ಮೊದಲ ದಿನವೇ ಕಟ್ಟಿ, ಎಷ್ಟೋ ಕಾಂಪ್ಯಾಕ್ಟ್‌ಗಳು ಸಾಯುವುದು ಕೈಜಾರಿ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕ್ಯಾಮೆರಾವನ್ನು ಚರ್ಮದ ಚೀಲದಲ್ಲಿ ಮುಚ್ಚಿಡದೆ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ನೀಲಿ ಹರಳಿನ ಜೆಲ್ ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದಾಗ ಅದನ್ನು ಬದಲಿಸಬೇಕು.