ವಾಷಿಂಗ್ ಮಷಿನ್ ಮೋಟಾರ್‌ನಿಂದ ಮರ ಉಜ್ಜುವ ಡಿಸ್ಕ್

ಗುಜರಿ ಸೇರಿದ ಸೆಮಿ ಆಟೊಮ್ಯಾಟಿಕ್ ವಾಷಿಂಗ್ ಮಷಿನ್‌ನ ತಳ ತುಕ್ಕು ಹಿಡಿದಿರಬಹುದು, ಟೈಮರ್ ಕೆಟ್ಟಿರಬಹುದು. ಮೋಟಾರ್ ಮಾತ್ರ ಎಷ್ಟೋ ಸಲ ಗಟ್ಟಿಮುಟ್ಟಾಗಿರುತ್ತದೆ. ಅದಕ್ಕೊಂದು ಪ್ಲೈವುಡ್ ಚಕ್ರ ಕೂರಿಸಿದರೆ ಮರದ ಅಂಚು ನಯ ಮಾಡುವ ಡಿಸ್ಕ್ ಸ್ಯಾಂಡರ್ ಆಗುತ್ತದೆ.

ಗುಜರಿ ಅಂಗಡಿಯಲ್ಲಿ ‘ವಾಷ್ ಮೋಟಾರ್’ ಎಂದೇ ಕೇಳಿ. ಬಟ್ಟೆ ಹಿಂಡುವ ಸ್ಪಿನ್ ಮೋಟಾರ್ ಬೇಡ. ಶಾಫ್ಟ್ ಕೈಯಲ್ಲಿ ತಿರುಗಿಸಿ ನೋಡಿ. ಗರಗರ ಎಂದರೆ, ಅತ್ತಿತ್ತ ಅಲ್ಲಾಡಿದರೆ ಬಿಟ್ಟುಬಿಡಿ. ಅದರ ಕೆಪಾಸಿಟರ್ ಕೂಡ ಜೊತೆಗೇ ತನ್ನಿ. ಅದು ಹೋಗಿದ್ದರೆ ಅದೇ ಮೈಕ್ರೊಫ್ಯಾರಡ್, ಅದೇ ವೋಲ್ಟ್‌ನ ಹೊಸದು ಬೆಂಗಳೂರಿನ ಎಸ್.ಪಿ. ರೋಡ್‌ನಲ್ಲಿ ಸಿಗುತ್ತದೆ.

ಮೋಟಾರಿನಿಂದ ಮೂರು ವೈರ್ ಬರುತ್ತವೆ. ಬಣ್ಣ ನಂಬಬೇಡಿ. ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಎರಡೆರಡನ್ನೇ ಅಳೆಯಿರಿ. ಒಂದು ಜೋಡಿ 40 ಓಮ್, ಉಳಿದೆರಡು ಜೋಡಿ 20–20 ತೋರಿಸಿತೆನ್ನಿ: 40 ಬಂದ ಜೋಡಿಯಲ್ಲಿ ಇಲ್ಲದ ವೈರೇ ಕಾಮನ್, ಅಂದರೆ ಮೋಟಾರಿನ ಎರಡೂ ಸುರುಳಿಗಳು ಸೇರುವ ವೈರ್. ನ್ಯೂಟ್ರಲ್ ಅದಕ್ಕೆ. ಕೆಪಾಸಿಟರ್ ಉಳಿದೆರಡು ವೈರ್‌ಗಳ ನಡುವೆ. ಫೇಸ್, ಸ್ವಿಚ್ ಮೂಲಕ, ಆ ಎರಡರಲ್ಲಿ ಒಂದಕ್ಕೆ. ಇನ್ನೊಂದಕ್ಕೆ ಕೊಟ್ಟರೆ ಮೋಟಾರ್ ಉಲ್ಟಾ ತಿರುಗುತ್ತದೆ. ಮೋಟಾರಿನ ಮೈಗೆ ಅರ್ತ್ ಕೊಡದೆ ಪ್ಲಗ್ ಹಾಕಲೇಬೇಡಿ. ವೈರಿಂಗ್ ರೂಢಿಯಿಲ್ಲದವರು ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಮೋಟಾರನ್ನು ಮಲಗಿಸಿ, ದಪ್ಪ ಹಲಗೆಗೆ ಎಲ್ ಆಂಗಲ್‌ನಿಂದ ಬಿಗಿಯಿರಿ. ಶಾಫ್ಟ್‌ಗೆ ಹೊಂದುವ ಅಲ್ಯೂಮಿನಿಯಂ ಫ್ಲ್ಯಾಂಜನ್ನು (ಚಕ್ರ ಕೂರಿಸುವ ಬಿಲ್ಲೆ) ಪೀಣ್ಯದ ಕಡೆಯ ಯಾವುದಾದರೂ ಲೇತ್ ಅಂಗಡಿಯಲ್ಲಿ ಮಾಡಿಸಿ. ಇಡೀ ಕೆಲಸದಲ್ಲಿ ದುಡ್ಡು ಉಳಿಸಬಾರದ ಜಾಗ ಇದೊಂದೇ. ಸೆಂಟರ್ ಕೂದಲೆಳೆ ತಪ್ಪಿದರೂ ಮೇಜೆಲ್ಲ ನಡುಗುತ್ತದೆ.

ಆ ಫ್ಲ್ಯಾಂಜಿಗೆ 18 ಮಿ.ಮೀ. ಪ್ಲೈವುಡ್‌ನ 8 ಇಂಚಿನ ಚಕ್ರ ಕೂರಿಸಿ. ಸ್ಕ್ರೂ ತಲೆಗಳು ಮರದೊಳಗೆ ಅಡಗಿರಲಿ. ಮುಂದೆ ಒಂದು ಪುಟ್ಟ ಟೇಬಲ್, ಚಕ್ರಕ್ಕೂ ಅದಕ್ಕೂ 2 ಮಿ.ಮೀ. ಸಂದು, ಮೂಲೆಮಟ್ಟ ಹಿಡಿದು 90 ಡಿಗ್ರಿ ನೋಡಿಕೊಳ್ಳಿ.

ಇನ್ನು ಚಕ್ರವನ್ನು ಅದರ ಜಾಗದಲ್ಲೇ ಸರಿಪಡಿಸಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಹಾಕಿ. ಗ್ಲೌಸ್ ಮಾತ್ರ ಬೇಡ, ಚಕ್ರ ಎಳೆದುಕೊಳ್ಳುತ್ತದೆ. ಮರದ ತುಂಡಿಗೆ 40 ನಂಬರ್ ಸ್ಯಾಂಡ್ ಪೇಪರ್ ಅಂಟಿಸಿ, ಟೇಬಲ್ ಮೇಲಿಟ್ಟು, ತಿರುಗುವ ಅಂಚಿಗೆ ಮೆಲ್ಲಗೆ ತಾಗಿಸಿ. ಮೊದಲು ಉಬ್ಬಿದ ಕಡೆ ಮಾತ್ರ ತಗುಲಿ ಟಕಟಕ ಎನ್ನುತ್ತದೆ. ಸವೆಯುತ್ತಾ ಬಂದಂತೆ ಅದು ಒಂದೇ ಸಮನೆ ಸರ್ ಎನ್ನುವ ಸದ್ದಾಗುತ್ತದೆ. ಆಗ ನಿಲ್ಲಿಸಿ. ಮುಖವನ್ನೂ ಹೀಗೇ ಮಟ್ಟ ಮಾಡಿ, 80 ನಂಬರ್ ಪೇಪರ್ ಅಂಟಿಸಿ.

ಎದುರು ನಿಂತಾಗ ಚಕ್ರದ ಯಾವ ಅರ್ಧ ಕೆಳಕ್ಕಿಳಿಯುತ್ತದೋ ಅಲ್ಲೇ ಮರ ಹಿಡಿಯಿರಿ, ಟೇಬಲ್‌ಗೆ ಒತ್ತಿಕೊಂಡಿರುತ್ತದೆ. ಇನ್ನೊಂದು ಅರ್ಧದಲ್ಲಿ ಮೇಲಕ್ಕೆ ಚಿಮ್ಮುತ್ತದೆ. ಮೋಟಾರ್ ಮೈ ಕೈಯಿಡಲಾಗದಷ್ಟು ಬಿಸಿಯಾದರೆ ಆರಲು ಬಿಡಿ.