ಸೈಟ್ ಓಡುತ್ತಿದೆ, ಆರ್ಡರ್ ಏಕೆ ಬರುತ್ತಿಲ್ಲ? ಆನ್‌ಲೈನ್ ಅಂಗಡಿಗೆ ಕಾವಲು ಹಾಕುವ ಬಗೆ

ರಾತ್ರಿ ಒಂಬತ್ತೂವರೆ. ಗ್ರಾಹಕಿಯೊಬ್ಬರು ಎರಡು ಕಿಲೋ ಬ್ಯಾಡಗಿ ಮೆಣಸಿನಕಾಯಿ ಕಾರ್ಟ್‌ಗೆ ಹಾಕಿ, ಯುಪಿಐಯಲ್ಲಿ ದುಡ್ಡು ಕಟ್ಟಿ, ಹಸಿರು ಟಿಕ್ ಕಂಡದ್ದೇ ಫೋನ್ ಪಕ್ಕಕ್ಕಿಡುತ್ತಾರೆ. ಬ್ರೌಸರ್‌ಗೆ ಮರಳುವುದಿಲ್ಲ. ಅತ್ತ ಅಂಗಡಿಯ ಆರ್ಡರ್ ನೋಡಿಕೊಳ್ಳುವ ತಂತ್ರಾಂಶವಾದ ವೂಕಾಮರ್ಸ್‌ನಲ್ಲಿ ಆ ಆರ್ಡರ್ ‘ಪಾವತಿ ಬಾಕಿ’ ಎಂದೇ ಕೂತಿರುತ್ತದೆ. ದಾಸ್ತಾನು ಲೆಕ್ಕ ಚಾಲೂ ಇದ್ದರೆ, ಮೂಲ ಸೆಟ್ಟಿಂಗ್ ಪ್ರಕಾರ 60 ನಿಮಿಷವಾದ ಮೇಲೆ ತಾನಾಗಿ ರದ್ದಾಗುತ್ತದೆ. ದುಡ್ಡು ಬಂದಿದೆ, ಆರ್ಡರ್ ಇಲ್ಲ. ಈ ಹೊತ್ತಿನಲ್ಲಿ ಮುಖಪುಟ ತೆರೆದು ನೋಡಿದರೆ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಮುಖಪುಟವೊಂದನ್ನೇ ಕಾಯುವವರು ಎಡವುವುದು ಇಲ್ಲಿಯೇ. ಅಂಗಡಿಯ ಬಾಗಿಲಿಗಿಂತ ಗಲ್ಲಾ ಪೆಟ್ಟಿಗೆಯ ಮೇಲೆ ಕಣ್ಣಿರಬೇಕು. ಸೈಟ್ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಮೇಲೆ ನಡೆಯುವ ಸಣ್ಣ ಅಂಗಡಿಯೊಂದಕ್ಕೆ ಅಂಥ ಕಾವಲನ್ನು ಒಂದು ಭಾನುವಾರದಲ್ಲಿ ಹೀಗೆ ಜೋಡಿಸಬಹುದು.

ಕಾವಲುಗಾರ ಹೊರಗಿರಲಿ

ಸೈಟ್ ಎದ್ದಿದೆಯೇ ಎಂದು ಆಗಾಗ ತಪಾಸಣೆ ಮಾಡುವ ಅಪ್‌ಟೈಮ್ ಕುಮಾ ಎಂಬ ಮುಕ್ತ ತಂತ್ರಾಂಶ ಈ ಕೆಲಸಕ್ಕೆ ಸಾಕು. 1 ಜಿಬಿ ರ‍್ಯಾಮ್‌ನ ಅಗ್ಗದ ಬಾಡಿಗೆ ಸರ್ವರ್‌ನಲ್ಲಿ, ಡಾಕರ್ (ತಂತ್ರಾಂಶವನ್ನು ಪೊಟ್ಟಣದಂತೆ ಓಡಿಸುವ ಸಾಧನ) ಮೂಲಕ ಓಡುತ್ತದೆ. ಅಂಗಡಿ ಇರುವ ಸರ್ವರ್‌ನಲ್ಲೇ ಅದನ್ನು ಹಾಕಬೇಡಿ. ಸರ್ವರ್ ಮಲಗಿದರೆ ಕಾವಲುಗಾರನೂ ಮಲಗುತ್ತಾನೆ. ಮನೆಯ ಹಳೇ ಲ್ಯಾಪ್‌ಟಾಪೂ ಬೇಡ. ಕರೆಂಟು ಹೋದಾಗಲೆಲ್ಲ ರೂಟರ್ ಸತ್ತು, ಅಂಗಡಿಯೇ ಮುಚ್ಚಿದೆ ಎಂಬ ಲೆಕ್ಕ ಬರುತ್ತದೆ. ಗ್ರಾಹಕರು ಇರುವುದು ಭಾರತದಲ್ಲಾದರೆ ಮುಂಬೈ ಅಥವಾ ಬೆಂಗಳೂರಿನ ಡೇಟಾ ಸೆಂಟರ್ ಆರಿಸಿ. ಅಮೆರಿಕದಿಂದ ಬರುವ ತಪಾಸಣೆಯನ್ನು ಎಷ್ಟೋ ಫೈರ್‌ವಾಲ್‌ಗಳು (ಸೈಟ್‌ಗೆ ಬರುವವರನ್ನು ಸೋಸುವ ಭದ್ರತಾ ಗೋಡೆಗಳು) ಬಾಟ್ ಎಂದುಕೊಂಡು ‘ಪ್ರವೇಶವಿಲ್ಲ’ ಎಂಬ 403 ಕೋಡ್ ಕೊಟ್ಟು ಅಟ್ಟುತ್ತವೆ. ಎಲ್ಲಿಂದ ನೋಡಿದರೂ ಕಾವಲುಗಾರನ ಐಪಿ ವಿಳಾಸವನ್ನು ಫೈರ್‌ವಾಲ್‌ನ ಅನುಮತಿ ಪಟ್ಟಿಗೆ ಸೇರಿಸಿಬಿಡಿ.

ತಪಾಸಣೆಯ ಅಂತರ 60 ಸೆಕೆಂಡ್, ಉತ್ತರಕ್ಕೆ ಕಾಯುವ ಗಡುವು 20 ಸೆಕೆಂಡ್, ಮರುಪ್ರಯತ್ನ 2 ಬಾರಿ, ಅವುಗಳ ನಡುವೆ 30 ಸೆಕೆಂಡ್. ಹೀಗಿಟ್ಟರೆ ಸೈಟ್ ಬಿದ್ದ ಸುಮಾರು ಮೂರು ನಿಮಿಷದೊಳಗೆ ಸುದ್ದಿ ಬರುತ್ತದೆ. ಮರುಪ್ರಯತ್ನವನ್ನು ಸೊನ್ನೆ ಮಾಡಿದರೆ ನೆಟ್‌ವರ್ಕ್ ಸ್ವಲ್ಪ ತೊದಲಿದರೂ ಫೋನ್ ಬಡಿದುಕೊಳ್ಳುತ್ತದೆ, ವಾರದೊಳಗೆ ನೀವೇ ಅದರ ಬಾಯಿ ಮುಚ್ಚಿಸಿರುತ್ತೀರಿ. ಹೋಸ್ಟಿಂಗ್ ಜಾಹೀರಾತಿನ ‘ಶೇ 99.9’ ಎಂದರೆ 30 ದಿನದ ತಿಂಗಳಲ್ಲಿ 43 ನಿಮಿಷ ಬಾಗಿಲು ಹಾಕಿದ್ದರೂ ಒಪ್ಪಂದದ ಒಳಗೇ ಇದೆ ಎಂದರ್ಥ. ಶೇ 99 ಆದರೆ ಏಳು ಗಂಟೆ ಚಿಲ್ಲರೆ.

ಒಂದು ರೂಪಾಯಿಯ ಸರಕು

ಮುಖಪುಟ ಸಾಮಾನ್ಯವಾಗಿ ಕ್ಯಾಶ್‌ನಿಂದ, ಅಂದರೆ ಮೊದಲೇ ಉಳಿಸಿಟ್ಟ ಪ್ರತಿಯಿಂದ, ಬರುತ್ತದೆ. ಡೇಟಾಬೇಸ್ ಕುಸಿದು ಬಿದ್ದಿದ್ದರೂ ಹಳೆಯ ಪ್ರತಿಯನ್ನೇ ತೋರಿಸಿ 200 ಎಂಬ ಆರೋಗ್ಯದ ಕೋಡ್ ಕೊಡುತ್ತಿರುತ್ತದೆ. ಆದ್ದರಿಂದ ಒಂದು ರೂಪಾಯಿ ಬೆಲೆಯ ಪರೀಕ್ಷಾ ಸರಕನ್ನು ಸೃಷ್ಟಿಸಿ. ಕ್ಯಾಟಲಾಗ್‌ನಲ್ಲಿ ಕಾಣದಂತೆ ‘ಮರೆಯಾಗಿಡು’ ಆಯ್ಕೆ ಕೊಡಿ. ನೇರ ವಿಳಾಸದಿಂದ ಪುಟ ತೆರೆಯುತ್ತದೆ. ಆ ಸರಕಿನ ಮಟ್ಟಿಗೆ ದಾಸ್ತಾನು ಲೆಕ್ಕ ಆಫ್ ಮಾಡಿ, ಇಲ್ಲವಾದರೆ ಸ್ಟಾಕ್ ಮುಗಿದ ದಿನ ಸುಳ್ಳು ಗಂಟೆ ಹೊಡೆಯುತ್ತದೆ. ಆ ಪುಟವನ್ನು ಕ್ಯಾಶ್‌ನಿಂದ ಹೊರಗಿಡಿ. ಈಗ ಕುಮಾದಲ್ಲಿ ‘ಕೀವರ್ಡ್’ ಬಗೆಯ ತಪಾಸಣೆ ಹಾಕಿ, ಪುಟದಲ್ಲಿ ‘ಕಾರ್ಟ್‌ಗೆ ಸೇರಿಸಿ’ ಎಂಬ ಗುಂಡಿಯ ಪಠ್ಯ ಇದೆಯೇ ಎಂದು ಹುಡುಕಲು ಹೇಳಿ. ಪುಟ ಖಾಲಿ ಬಂದರೂ, ಡೇಟಾಬೇಸ್ ದೋಷದ ಸಂದೇಶ ಬಂದರೂ ಪದ ಸಿಗದು, ಸುದ್ದಿ ಬರುತ್ತದೆ.

ಚೆಕ್‌ಔಟ್ ಪುಟಕ್ಕೇ ಈ ತಂತ್ರ ಹಾಕಲು ಹೋಗಿ ಸೋಲುವವರು ಬಹಳ. ಕಾರ್ಟ್ ಖಾಲಿ ಇದ್ದರೆ ವೂಕಾಮರ್ಸ್ ಚೆಕ್‌ಔಟ್‌ಗೆ ಬಿಡುವುದೇ ಇಲ್ಲ, ಕಾರ್ಟ್ ಪುಟಕ್ಕೆ ತಿರುಗಿಸುತ್ತದೆ. ಅಲ್ಲದೆ ಹೊಸ ಬ್ಲಾಕ್ ಮಾದರಿಯ ಚೆಕ್‌ಔಟ್ ಮೂಡುವುದು ಜಾವಾಸ್ಕ್ರಿಪ್ಟ್‌ನಿಂದ. ಕಚ್ಚಾ ಪುಟವನ್ನಷ್ಟೇ ಓದುವ ಕಾವಲುಗಾರನಿಗೆ ಆರ್ಡರ್ ಗುಂಡಿ ಕಾಣಿಸುವುದಿಲ್ಲ.

ಹಾಗಾಗಿ ಚೆಕ್‌ಔಟ್ ಪರೀಕ್ಷೆಯನ್ನು ಕೈಯಾರೆ ಮಾಡುವುದೇ ಲೇಸು. ಪ್ರತಿ ಸೋಮವಾರ ಬೆಳಿಗ್ಗೆ, ಮತ್ತು ಯಾವುದೇ ಪ್ಲಗಿನ್ (ಸೈಟ್‌ಗೆ ಸೇರಿಸಿದ ಹೆಚ್ಚುವರಿ ತಂತ್ರಾಂಶ) ಅಪ್‌ಡೇಟ್ ಆದ ಕೂಡಲೇ, ಒಂದು ರೂಪಾಯಿಯ ಸರಕನ್ನು ಮೊಬೈಲ್‌ನಿಂದ ನಿಜವಾಗಿ ಕೊಳ್ಳಿ. ಲಾಗಿನ್ ಆಗದೆ, ವೈಫೈ ಆಫ್ ಮಾಡಿ, ಯುಪಿಐಯಲ್ಲೇ ಕಟ್ಟಿ. ಹಣ ಕಟ್ಟಿದ ಮೇಲೆ ಬೇಕೆಂದೇ ಬ್ರೌಸರ್‌ಗೆ ಮರಳಬೇಡಿ. ಆದರೂ ಆರ್ಡರ್ ‘ಸಂಸ್ಕರಣೆಯಲ್ಲಿ’ ಎಂದಾಗಬೇಕು, ಇಮೇಲ್ ಬರಬೇಕು. ಸರಕನ್ನು ‘ವರ್ಚುವಲ್’ ಎಂದು ಗುರುತಿಸಬೇಡಿ. ಗುರುತಿಸಿದರೆ ಸಾಗಣೆ ಹಂತವೇ ಹಾರಿಹೋಗಿ, ಪಿನ್‌ಕೋಡ್ ಲೆಕ್ಕ ಕೆಟ್ಟಿದ್ದರೆ ಗೊತ್ತಾಗುವುದಿಲ್ಲ. ಲೆಕ್ಕಪತ್ರ ನೋಡುವವರಿಗೆ ಒಂದು ಮಾತು ತಿಳಿಸಿರಿ, ಈ ಬಿಲ್ಲೂ ಜಿಎಸ್‌ಟಿ ಸಾಲಿನಲ್ಲಿ ಕೂರುತ್ತದೆ.

ವೆಬ್‌ಹುಕ್ ಎಂಬ ಓಲೆಕಾರ

ಮೊದಲು ಹೇಳಿದ ಮೆಣಸಿನಕಾಯಿ ಆರ್ಡರ್ ಕಳೆದುಹೋದದ್ದು ವೆಬ್‌ಹುಕ್ ನಿಂತಿದ್ದರಿಂದ. ಗ್ರಾಹಕ ಬ್ರೌಸರ್ ಮುಚ್ಚಿದರೂ ‘ಹಣ ಬಂತು’ ಎಂದು ಪೇಮೆಂಟ್ ಗೇಟ್‌ವೇ (ಅಂಗಡಿಯ ಪರವಾಗಿ ಹಣ ಪಡೆಯುವ ಸೇವೆ) ನಿಮ್ಮ ಸರ್ವರ್‌ಗೆ ಕಳಿಸುವ ಓಲೆ ಅದು. ಭದ್ರತಾ ಪ್ಲಗಿನ್ ಅದನ್ನು ತಡೆದಿರಬಹುದು, ಅಥವಾ ಗುಪ್ತಪದ ಬದಲಾಗಿ, ಓಲೆ ಅಸಲಿ ಎಂದು ತೋರಿಸುವ ಡಿಜಿಟಲ್ ಸಹಿ ಹೊಂದದೇ ಹೋಗಿರಬಹುದು. ರೇಜರ್‌ಪೇ ಎಂಬ ಗೇಟ್‌ವೇ ಇಂಥ ವಿಫಲ ಓಲೆಯನ್ನು ಅಂತರ ಹೆಚ್ಚಿಸುತ್ತ 24 ಗಂಟೆ ಮತ್ತೆ ಮತ್ತೆ ಕಳಿಸುತ್ತದೆ. ಆಮೇಲೂ ಉತ್ತರ ಸಿಗದಿದ್ದರೆ ವೆಬ್‌ಹುಕ್ಕನ್ನೇ ನಿಷ್ಕ್ರಿಯಗೊಳಿಸಿ ಇಮೇಲ್ ಹಾಕುತ್ತದೆ. ಆ ಇಮೇಲ್ ಅಂಗಡಿ ಶುರುವಾದಾಗ ಕೊಟ್ಟ, ಈಗ ಯಾರೂ ತೆರೆಯದ ವಿಳಾಸಕ್ಕೆ ಹೋಗುತ್ತಿರಬಹುದು. ಇಂದೇ ನೋಡಿ, ಬದಲಿಸಿ.

ಇದಕ್ಕೆ ಜೋಡಿಯಾಗಿ ‘ಆರ್ಡರ್ ಬರ’ದ ಎಚ್ಚರಿಕೆ ಇಡಬೇಕು. ಕಳೆದ ನಾಲ್ಕು ವಾರಗಳ ಆರ್ಡರ್ ಪಟ್ಟಿ ತೆಗೆದು, ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಎರಡು ಆರ್ಡರ್‌ಗಳ ನಡುವಿನ ಅತಿ ದೊಡ್ಡ ಅಂತರ ಎಷ್ಟೆಂದು ನೋಡಿ. ಅದು ಎರಡು ಗಂಟೆಯಾಗಿದ್ದರೆ, ಮೂರು ಗಂಟೆ ಆರ್ಡರ್ ಇಲ್ಲದಾಗ ಸಂದೇಶ ಬರುವಂತೆ ಮಾಡಿ. ಕುಮಾದ ‘ಪುಶ್’ ಬಗೆ ಇದಕ್ಕೇ ಇದೆ: ಪ್ರತಿ ಆರ್ಡರ್ ಬಂದಾಗ ಅಂಗಡಿಯ ಸೈಟ್ ಕುಮಾಗೆ ಒಂದು ಸದ್ದು, ಅಂದರೆ ಸಂಕೇತ, ಕಳಿಸುತ್ತದೆ, ಸದ್ದು ನಿಂತರೆ ಗಂಟೆ ಹೊಡೆಯುತ್ತದೆ. ರಾತ್ರಿ ಹೊತ್ತಿಗೆ ಇದನ್ನು ನಿಲ್ಲಿಸಿಡಿ. ಗೇಟ್‌ವೇ, ಓಟಿಪಿ, ಕೂಪನ್, ಪಿನ್‌ಕೋಡ್, ಯಾವುದು ಕೆಟ್ಟರೂ ಕೊನೆಗೆ ಇಲ್ಲಿ ಕಾಣಲೇಬೇಕು. ಒಂದನ್ನೇ ಇಡುತ್ತೇನೆ ಎನ್ನುವವರು ಇದನ್ನೇ ಇಡಲಿ.

ತಾರೀಖು ಮುಗಿಯುವ ವಸ್ತುಗಳು

ಸೈಟ್ ಸುರಕ್ಷಿತ ಎಂದು ಬ್ರೌಸರ್‌ಗೆ ತೋರಿಸುವ, ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯ 90 ದಿನದ ಪ್ರಮಾಣಪತ್ರ ತಾನಾಗಿ ನವೀಕರಣವಾಗುತ್ತದೆ, ಆಗದಿರುವ ದಿನದವರೆಗೆ. ಮುಗಿಯುವ ಮುನ್ನ ಆ ಸಂಸ್ಥೆ ಕಳಿಸುತ್ತಿದ್ದ ಇಮೇಲ್ 2025ರ ಜೂನ್‌ನಲ್ಲಿ ನಿಂತಿದೆ. ಕುಮಾದಲ್ಲಿ ಪ್ರಮಾಣಪತ್ರದ ಸೂಚನೆಯನ್ನು ಆನ್ ಮಾಡಿದರೆ 21, 14 ಮತ್ತು 7 ದಿನ ಮುಂಚೆ ಹೇಳುತ್ತದೆ. ಡೊಮೇನ್ (ಸೈಟ್‌ನ ಹೆಸರು) ನವೀಕರಣಕ್ಕೆ ಕಾರ್ಡ್ ಉಳಿಸಿದ್ದೇನೆ ಎಂಬ ಧೈರ್ಯ ಬೇಡ. 2021ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ನೋಂದಾಯಿತ ಒಪ್ಪಿಗೆ ಇಲ್ಲದ ಪುನರಾವರ್ತಿತ ಪಾವತಿಯನ್ನು ಬ್ಯಾಂಕ್ ತಿರಸ್ಕರಿಸುತ್ತದೆ. ಮೂರ್ನಾಲ್ಕು ವರ್ಷಕ್ಕೆ ಒಮ್ಮೆಲೇ ಕಟ್ಟಿಬಿಡುವುದು ಸುಲಭ.

ಸರ್ವರ್ ಡಿಸ್ಕ್ ಶೇ 80 ತುಂಬಿದಾಗ ಎಚ್ಚರಿಕೆ ಬರಲಿ. ತುಂಬಿಸುವುದು ಫೋಟೋಗಳಿಗಿಂತ ಹೆಚ್ಚಾಗಿ ಡೀಬಗ್ ಲಾಗ್ (ದೋಷಗಳನ್ನು ಬರೆದಿಡುವ ಕಡತ) ಮತ್ತು ಅದೇ ಡಿಸ್ಕ್‌ನಲ್ಲಿಟ್ಟ ಬ್ಯಾಕಪ್.

ಗಂಟೆ ಹೊಡೆದಾಗ

ಟೆಲಿಗ್ರಾಂ ಸಂದೇಶ ಇಬ್ಬರಿಗೆ ಹೋಗಲಿ. ಮೊದಲು ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ತೆರೆದು ನೋಡಿ. ಬ್ರಾಡ್‌ಬ್ಯಾಂಡ್‌ನಲ್ಲಿ ಸರಿ, ಜಿಯೋ ಸಿಮ್‌ನಲ್ಲಿ ಮಾತ್ರ ಹಳೇ ಸೈಟ್ ಅಥವಾ ಪ್ರಮಾಣಪತ್ರದ ದೋಷ ಎಂದಾದರೆ ಡಿಎನ್‌ಎಸ್‌ನ (ಸೈಟ್‌ನ ಹೆಸರಿಗೆ ಸರ್ವರ್ ವಿಳಾಸ ಜೋಡಿಸುವ ಪಟ್ಟಿ) ಕ್ವಾಡ್-ಎ ದಾಖಲೆ, ಅಂದರೆ ಐಪಿವಿ6 ವಿಳಾಸದ ಸಾಲು, ತೆರೆಯಿರಿ. ಸರ್ವರ್ ಬದಲಿಸಿದಾಗ ಹಳೆಯ ಮಾದರಿಯ ಐಪಿವಿ4 ವಿಳಾಸವನ್ನಷ್ಟೇ ಬದಲಿಸಿ ಹೊಸ ಮಾದರಿಯ ಐಪಿವಿ6 ಅನ್ನು ಮರೆತಿರುತ್ತಾರೆ. ಜಿಯೋ ಮೊಬೈಲ್ ಜಾಲ ಬಹುಪಾಲು ಓಡುವುದೇ ಐಪಿವಿ6 ಮೇಲೆ.

ಎಲ್ಲ ಕಡೆಯೂ ಬಿದ್ದಿದ್ದರೆ ಕೋಡ್ ನೋಡಿ. 500 ಬಂದರೆ ಡೇಟಾಬೇಸ್ ಅಥವಾ ಕೊನೆಗೆ ಮುಟ್ಟಿದ ಪ್ಲಗಿನ್. 502, 504 ಬಂದರೆ ವರ್ಡ್‌ಪ್ರೆಸ್ ಅನ್ನು ಓಡಿಸುವ ಪಿಎಚ್‌ಪಿ ಉಸಿರುಗಟ್ಟಿದೆ. 503 ಬಂದು ‘ನಿರ್ವಹಣೆ’ ಎಂದರೆ ವರ್ಡ್‌ಪ್ರೆಸ್ ಅಪ್‌ಡೇಟ್ ಅರ್ಧಕ್ಕೆ ನಿಂತಿದೆ. ಹತ್ತು ನಿಮಿಷವಾದ ಮೇಲೆ ವರ್ಡ್‌ಪ್ರೆಸ್ ಆ ಗುರುತನ್ನು ತಾನೇ ಕಡೆಗಣಿಸುತ್ತದೆ, ಆದರೆ ಅರ್ಧಂಬರ್ಧ ಇಳಿದ ಪ್ಲಗಿನ್ ಹಾಗೇ ಉಳಿದಿರುತ್ತದೆ.

ಸೈಟ್ ಎದ್ದ ಮೇಲೆ ಕೆಲಸ ಇನ್ನೊಂದಿದೆ. ಬಿದ್ದಿದ್ದ ಅವಧಿ ಮತ್ತು ಅದರ ಹಿಂದಿನ ಒಂದು ಗಂಟೆಯ ಪಾವತಿ ಪಟ್ಟಿಯನ್ನು ಗೇಟ್‌ವೇಯಿಂದ ಇಳಿಸಿ, ವೂಕಾಮರ್ಸ್‌ನ ಆರ್ಡರ್ ಸಂಖ್ಯೆಗಳ ಜೊತೆ ಸಾಲುಸಾಲಾಗಿ ತಾಳೆ ನೋಡಿ. ಹಣ ಬಂದು ‘ರದ್ದು’ ಎಂದಿರುವ ಆರ್ಡರ್ ಸಿಕ್ಕರೆ, ಮೊದಲು ದಾಸ್ತಾನು ಇದೆಯೇ ನೋಡಿಕೊಂಡು, ನಂತರ ಗ್ರಾಹಕರಿಗೆ ನೀವೇ ಫೋನ್ ಮಾಡಿ.